ಪ್ರೀಪೇಯ್ಡ್ ಮೀಟರ್‌ಗೂ ‘ಫೈನಲ್ ಬಿಲ್’ ಬಂತಾ? ಕಟ್ಟೋಕೆ ಮುಂಚೆ ಲೆಕ್ಕ ಕೇಳಿ

ಇವತ್ತಿನ ವಿಷಯ ಓದೋಕೆ, ಕೆಲಸಕ್ಕೆ ಅಂತ ಬ್ರಿಟನ್‌ಗೆ ಹೋಗಿರೋ ನಮ್ಮ ಹುಡುಗ ಹುಡುಗಿಯರಿಗೆ ನೇರವಾಗಿ ಸಂಬಂಧಪಟ್ಟಿದ್ದು. ಇನ್ನೂ ಊರಲ್ಲೇ ಇದ್ದೀರಾ, ಸೆಪ್ಟೆಂಬರ್ ಇನ್‌ಟೇಕ್‌ಗೆ ಬ್ಯಾಗ್ ಕಟ್ತಾ ಇದ್ದೀರಾ? ಹಾಗಾದ್ರೆ ಇದನ್ನ ಕೇಳಿಯೇ ಹೊರಡಿ.

ವಿಷಯ ಹೀಗಿದೆ. ನಿಮ್ಮ ಬಾಡಿಗೆ ಮನೆಯಲ್ಲಿ ಪ್ರೀಪೇಯ್ಡ್ ಮೀಟರ್. ಕರೆಂಟ್‌ಗೆ ಒಂದು ಪ್ಲಾಸ್ಟಿಕ್ ಕೀ, ಗ್ಯಾಸ್‌ಗೆ ಒಂದು ಕಾರ್ಡ್. ಮೂಲೆ ಅಂಗಡಿಗೆ ಹೋಗಿ 10 ಪೌಂಡೋ 20 ಪೌಂಡೋ ಟಾಪ್-ಅಪ್ ಮಾಡಿಸ್ತೀರಿ, ಮೀಟರ್‌ಗೆ ಹಾಕ್ತೀರಿ, ಬಳಸ್ತೀರಿ. ಸ್ಮಾರ್ಟ್ ಮೀಟರ್ ಆದ್ರೆ ಆ್ಯಪ್‌ನಲ್ಲೇ ಮುಗೀತು. ಆಮೇಲೆ ಯಾರೋ ಹೇಳ್ತಾರೆ, ಇನ್ನೊಂದು ಕಂಪನಿಯಲ್ಲಿ ರೇಟು ಕಡಿಮೆ ಅಂತ. ಬದಲಾಯಿಸ್ತೀರಿ. ಒಂದು ತಿಂಗಳ ನಂತರ ಹಳೆಯ ಕಂಪನಿಯಿಂದ ಇಮೇಲ್: ‘ಇದು ನಿಮ್ಮ ಫೈನಲ್ ಬಿಲ್. ಬಾಕಿ 140 ಪೌಂಡ್. 14 ದಿನದೊಳಗೆ ಕಟ್ಟಿ.’

ತಲೆ ಕೆಡತ್ತೆ. ದುಡ್ಡು ಹಾಕದೆ ಕರೆಂಟೇ ಬರ್ತಿರಲಿಲ್ಲ, ಇನ್ನು ಬಾಕಿ ಎಲ್ಲಿಂದ ಬಂತು? ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನೋ ಗಾದೆ ನೆನಪಾಗತ್ತೆ.

ಇಲ್ಲಿ ಎರಡು ಥರದ ಜನ ಇರ್ತಾರೆ. ಒಬ್ಬರು ಹೆದರಿ, ಗಲಾಟೆ ಬೇಡಪ್ಪ ಅಂತ ಕಟ್ಟಿಬಿಡ್ತಾರೆ. ಇನ್ನೊಬ್ಬರು ‘ಇದು ಫ್ರಾಡ್’ ಅಂತ ಇಮೇಲ್ ಡಿಲೀಟ್ ಮಾಡ್ತಾರೆ. ಎರಡೂ ತಪ್ಪು. ಮೊದಲನೆಯವರು ತಾವು ಕೊಡಬೇಕಿಲ್ಲದ ಹಣ ಕೊಟ್ಟಿರಬಹುದು. ಎರಡನೆಯವರಿಗೆ ಮೂರು ತಿಂಗಳಾದ ಮೇಲೆ ಸಾಲ ವಸೂಲಿ ಏಜೆನ್ಸಿಯ ಪತ್ರ ಬರಬಹುದು. ಮೂರನೇ ದಾರಿ ಒಂದಿದೆ: ಲೆಕ್ಕ ಕೇಳೋದು. ಈ ಸಂಚಿಕೆ ಪೂರ್ತಿ ಅದರ ಬಗ್ಗೆಯೇ.

ಮೊದಲು ಒಂದು ಹಿನ್ನೆಲೆ. ನಮ್ಮಲ್ಲಿ ಬೆಂಗಳೂರಿನವರಿಗೆ ಬೆಸ್ಕಾಂ, ಹುಬ್ಬಳ್ಳಿಯವರಿಗೆ ಹೆಸ್ಕಾಂ, ಮಂಗಳೂರಿನವರಿಗೆ ಮೆಸ್ಕಾಂ. ಯಾವ ಊರಲ್ಲಿದ್ದೀವೋ ಆ ಊರಿನ ಕಂಪನಿ, ಮುಗೀತು. ‘ನನಗೆ ಮೆಸ್ಕಾಂ ಇಷ್ಟ’ ಅಂತ ಮಲ್ಲೇಶ್ವರದಲ್ಲಿ ಕೂತು ಹೇಳೋಕಾಗಲ್ಲ. ಬ್ರಿಟನ್‌ನಲ್ಲಿ ತಂತಿ, ಪೈಪು ಒಬ್ಬರದ್ದು. ನಿಮಗೆ ಕರೆಂಟು, ಗ್ಯಾಸು ಮಾರೋ ಕಂಪನಿ ಇನ್ನೊಬ್ಬರದ್ದು. ಆ ಮಾರೋ ಕಂಪನಿಯನ್ನ ನೀವು ಆಯ್ಕೆ ಮಾಡಬಹುದು. ಬಿಲ್ ಕಟ್ಟೋರು ನೀವೇ ಆಗಿದ್ರೆ, ಬಾಡಿಗೆದಾರರಾದರೂ ಆ ಹಕ್ಕು ನಿಮ್ಮದು. ತಂತಿ ಬದಲಾಗಲ್ಲ, ಮೀಟರ್ ಬದಲಾಗಲ್ಲ, ಒಂದು ನಿಮಿಷ ಕರೆಂಟ್ ಹೋಗಲ್ಲ. ಬದಲಾಗೋದು ಲೆಕ್ಕದ ಪುಸ್ತಕ ಮಾತ್ರ. ಹಳೆಯವರು ತಮ್ಮ ಪುಸ್ತಕ ಮುಚ್ತಾರೆ, ಹೊಸಬರು ತಮ್ಮದು ತೆರೀತಾರೆ. ಮುಚ್ಚೋವಾಗ ಹಾಕೋ ಕೊನೇ ಗೆರೆಯೇ ಫೈನಲ್ ಬಿಲ್.

ಇನ್ನೊಂದು ತಪ್ಪು ಕಲ್ಪನೆ. ಪ್ರೀಪೇಯ್ಡ್ ಅಂದ್ರೆ ನಮಗೆ ಮೊಬೈಲ್ ರೀಚಾರ್ಜ್ ನೆನಪಾಗತ್ತೆ. ಬ್ಯಾಲೆನ್ಸ್ ಮುಗೀತು, ಕಾಲ್ ಕಟ್, ಯಾರೂ ಯಾರಿಗೂ ಬಾಕಿ ಇಲ್ಲ. ಎನರ್ಜಿ ಮೀಟರ್ ಹಾಗಲ್ಲ. ಅದರ ಹಿಂದೆ ನಿಮ್ಮ ಹೆಸರಲ್ಲಿ ಒಂದು ಖಾತೆ ಇರತ್ತೆ. ಮೀಟರ್ ಎಷ್ಟು ಓಡಿತು, ನೀವು ಎಷ್ಟು ಹಾಕಿದ್ರಿ, ಈ ಎರಡರ ಲೆಕ್ಕ ಅಲ್ಲಿ ನಡೀತಾ ಇರತ್ತೆ. ಎರಡೂ ಸರಿಹೊಂದದೇ ಹೋದಾಗ ಬಾಕಿ ಹುಟ್ಟತ್ತೆ. ಕೆಲವು ಸಲ ನ್ಯಾಯವಾದ ಬಾಕಿ, ಕೆಲವು ಸಲ ತಪ್ಪು ಬಾಕಿ.

ನ್ಯಾಯವಾದದ್ದು ಹೇಗೆ ಹುಟ್ಟತ್ತೆ ಅಂತ ಮೊದಲು ನೋಡೋಣ.

ಒಂದು, ಎಮರ್ಜೆನ್ಸಿ ಕ್ರೆಡಿಟ್. ರಾತ್ರಿ ಬ್ಯಾಲೆನ್ಸ್ ಮುಗಿದಾಗ ಮೀಟರ್ ಒಂದಿಷ್ಟು ಸಾಲ ಕೊಡತ್ತೆ. ಅದನ್ನ ತೀರಿಸದೆ ಕಂಪನಿ ಬದಲಾಯಿಸಿದ್ರೆ ಅದು ಬಾಕಿ.

ಎರಡು, ಸ್ಟ್ಯಾಂಡಿಂಗ್ ಚಾರ್ಜ್. ಇದು ದಿನದ ಬಾಡಿಗೆ ಇದ್ದಂಗೆ. ಒಂದು ದೀಪ ಹಚ್ಚದಿದ್ರೂ ಏರ್ತಾ ಹೋಗತ್ತೆ. ಬೇಸಿಗೆ ರಜೆಗೆ ಎಪ್ಪತ್ತು ದಿನ ಊರಿಗೆ ಬಂದ್ರಿ ಅನ್ನಿ. ಗ್ಯಾಸ್ ಮೀಟರ್‌ನಲ್ಲಿ ಬ್ಯಾಲೆನ್ಸ್ ಇರಲಿಲ್ಲ. ದಿನಕ್ಕೆ 30 ಪೆನ್ಸ್ ಅಂತ ಇಟ್ಟುಕೊಂಡ್ರೂ 21 ಪೌಂಡ್ ಆಯ್ತು. ವಾಪಸ್ ಹೋಗಿ ಟಾಪ್-ಅಪ್ ಮಾಡಿದಾಗ ಮೀಟರ್ ಇದನ್ನ ಮುರ್ಕೊಳ್ಳತ್ತೆ. ಅಷ್ಟರೊಳಗೆ ಕಂಪನಿ ಬದಲಾಯಿಸಿದ್ರೆ ಫೈನಲ್ ಬಿಲ್‌ನಲ್ಲಿ ಬರತ್ತೆ.

ಮೂರು, ಹಳೇ ಸಾಲ. ಪ್ರೀಪೇಯ್ಡ್ ಮೀಟರ್‌ನಲ್ಲಿ ಸಾಲ ಇದ್ರೂ ಕಂಪನಿ ಬದಲಾಯಿಸಬಹುದು. ಕರೆಂಟ್‌ಗೆ 500 ಪೌಂಡ್, ಗ್ಯಾಸ್‌ಗೆ 500 ಪೌಂಡ್ ತನಕದ ಸಾಲವನ್ನ ಹೊಸ ಕಂಪನಿಗೆ ವರ್ಗಾಯಿಸೋ ವ್ಯವಸ್ಥೆ ಇದೆ. ಇಲ್ಲಿ ಹುಷಾರಾಗಿರಿ. ಸಾಲ ಹೊಸ ಕಂಪನಿಗೆ ಹೋಗಿ, ಅವರು ನಿಮ್ಮ ಟಾಪ್-ಅಪ್‌ನಿಂದ ವಾರವಾರ ಮುರ್ಕೊಳ್ತಾ ಇದ್ದಾರೆ ಅನ್ನಿ. ಅದೇ ಸಾಲವನ್ನ ಹಳೆಯ ಕಂಪನಿ ಫೈನಲ್ ಬಿಲ್‌ನಲ್ಲೂ ಕೇಳಿದ್ರೆ ನೀವು ಎರಡು ಸಲ ಕಟ್ಟಿದಂಗೆ ಆಗತ್ತೆ.

ಈಗ ತಪ್ಪು ಬಾಕಿಗಳಿಗೆ ಬರೋಣ. ಇವು ಐದು ಬಗೆ.

ಮೊದಲನೆಯದು, ಅಂದಾಜು ರೀಡಿಂಗ್. ನೀವು ಬದಲಾದ ದಿನ ಮೀಟರ್‌ನಲ್ಲಿ ಎಷ್ಟಿತ್ತು ಅನ್ನೋದು ಗೊತ್ತಿಲ್ಲದಿದ್ರೆ ಕಂಪನಿ ಅಂದಾಜು ಹಾಕತ್ತೆ. ಉದಾಹರಣೆಗೆ, ನಿಜವಾದ ರೀಡಿಂಗ್ 4,510. ಅವರ ಅಂದಾಜು 4,860. ವ್ಯತ್ಯಾಸ 350 ಯೂನಿಟ್. ಯೂನಿಟ್‌ಗೆ 25 ಪೆನ್ಸ್ ಅಂದ್ರೆ 87 ಪೌಂಡ್ 50 ಪೆನ್ಸ್. ನೀವು ಬಳಸದ ಕರೆಂಟ್‌ಗೆ!

ಎರಡನೆಯದು, ದಾರಿ ತಪ್ಪಿದ ಟಾಪ್-ಅಪ್. ಹೊಸ ಕಂಪನಿ ಹೊಸ ಕೀ ಕಳಿಸತ್ತೆ. ಅದು ಅಂಚೆಯಲ್ಲಿ ತಡವಾದಾಗ, ಹಳೇ ಕೀನಲ್ಲೇ ಟಾಪ್-ಅಪ್ ಮಾಡ್ತಾರೆ. ಕರೆಂಟ್ ಬರತ್ತೆ, ಎಲ್ಲ ಸರಿ ಅನ್ಸತ್ತೆ. ಆದ್ರೆ ದುಡ್ಡು ಹೋಗಿದ್ದು ಹಳೆಯ ಕಂಪನಿಗೆ. ಹೊಸಬರ ಪುಸ್ತಕದಲ್ಲಿ ನೀವು ಬಾಕಿದಾರ. ಇದರ ಉಲ್ಟಾನೂ ಆಗತ್ತೆ.

ಮೂರನೆಯದು, ಬೇರೆಯವರ ಮೀಟರ್. ಒಂದೇ ಕಟ್ಟಡದಲ್ಲಿ ಎಂಟು ಫ್ಲ್ಯಾಟ್, ಕೆಳಗೆ ಸಾಲಾಗಿ ಎಂಟು ಮೀಟರ್. ಫ್ಲ್ಯಾಟ್ 3ರ ಬಿಲ್ ಫ್ಲ್ಯಾಟ್ 5ಕ್ಕೆ ಹೋಗೋದು ಹೊಸದೇನಲ್ಲ. ಬಿಲ್ ಮೇಲಿರೋ ಮೀಟರ್ ಸೀರಿಯಲ್ ನಂಬರ್, ನಿಮ್ಮ ಮೀಟರ್ ಮೇಲಿರೋ ನಂಬರ್, ಎರಡನ್ನೂ ಹೋಲಿಸಿ ನೋಡಿ. ಎರಡು ನಿಮಿಷದ ಕೆಲಸ.

ನಾಲ್ಕನೆಯದು ಗ್ಯಾಸ್‌ಗೆ ಮಾತ್ರ, ಮತ್ತು ಬಹಳ ಜನರಿಗೆ ಗೊತ್ತಿಲ್ಲ. ಬ್ರಿಟನ್‌ನ ಹಳೇ ಗ್ಯಾಸ್ ಮೀಟರ್‌ಗಳು ಘನ ಅಡಿಯಲ್ಲಿ ಅಳೀತವೆ, ಹೊಸವು ಘನ ಮೀಟರ್‌ನಲ್ಲಿ. ಹಳೆಯದರ ಒಂದು ಯೂನಿಟ್ ಅಂದ್ರೆ ನೂರು ಘನ ಅಡಿ, ಅಂದ್ರೆ 2.83 ಘನ ಮೀಟರ್. ನಿಮ್ಮದು ಹೊಸ ಮೀಟರ್ ಆಗಿದ್ದು, ಕಂಪನಿಯ ಕಂಪ್ಯೂಟರ್‌ನಲ್ಲಿ ಹಳೇ ಮೀಟರ್ ಅಂತ ದಾಖಲಾಗಿದ್ರೆ? ನಿಮ್ಮ ಬಳಕೆ 2.83 ಪಟ್ಟು ಹೆಚ್ಚು ಕಾಣತ್ತೆ. 40 ಪೌಂಡ್ ಗ್ಯಾಸ್‌ಗೆ 113 ಪೌಂಡ್ ಬಿಲ್. ಮೀಟರ್ ಮುಖದ ಮೇಲೆ ‘ಎಂ’ ಮೇಲೆ ಸಣ್ಣ ‘3’ ಬರೆದಿದ್ರೆ ಅದು ಘನ ಮೀಟರ್. ‘ಎಫ್‌ಟಿ’ ಮೇಲೆ ‘3’ ಇದ್ರೆ ಘನ ಅಡಿ. ಬಿಲ್‌ನಲ್ಲಿ ಏನಿದೆ ನೋಡಿ.

ಐದನೆಯದು, ಹಿಂದಿನ ಬಾಡಿಗೆದಾರರ ಸಾಲ. ನೀವು ಮನೆಗೆ ಬಂದ ದಿನವೇ ಆ ಮನೆಗೆ ಸಪ್ಲೈ ಕೊಡ್ತಿರೋ ಕಂಪನಿಯ ಗ್ರಾಹಕರಾಗ್ತೀರಿ, ಸಹಿ ಹಾಕದಿದ್ರೂ. ಆದ್ರೆ ಲೆಕ್ಕ ಶುರುವಾಗೋದು ನೀವು ಬಂದ ದಿನದಿಂದ. ಅದಕ್ಕೂ ಹಿಂದಿನದು ನಿಮ್ಮದಲ್ಲ. ಬಾಡಿಗೆ ಕರಾರು ಪತ್ರದ ಪ್ರತಿ ಕಳಿಸಿದ್ರೆ ಅವರು ಅದನ್ನ ತೆಗೀಬೇಕು.

ಸರಿ. ಬಿಲ್ ಬಂದಿದೆ. ಈಗ ಏನು ಮಾಡಬೇಕು?

ಮೊದಲ ಕೆಲಸ, ಮೀಟರ್ ಹತ್ರ ಹೋಗಿ ಫೋಟೋ ತೆಗೀರಿ. ರೀಡಿಂಗ್ ಮತ್ತು ಸೀರಿಯಲ್ ನಂಬರ್ ಎರಡೂ ಕಾಣಬೇಕು. ಪ್ರೀಪೇಯ್ಡ್ ಮೀಟರ್‌ನಲ್ಲಿ ಮೊದಲು ಕಾಣೋದು ಬ್ಯಾಲೆನ್ಸ್. ಬಟನ್ ಒತ್ತುತ್ತಾ ಹೋದ್ರೆ ಸ್ಕ್ರೀನ್ ಬದಲಾಗತ್ತೆ, ರೀಡಿಂಗ್ ಬರತ್ತೆ, ಸಾಲ ಇದ್ರೆ ಅದೂ ಬರತ್ತೆ. ಪ್ರತಿ ಸ್ಕ್ರೀನಿನ ಫೋಟೋ ಇರಲಿ. ಇವತ್ತಿನ ರೀಡಿಂಗೇ ಅವರ ‘ಫೈನಲ್’ ರೀಡಿಂಗ್‌ಗಿಂತ ಕಡಿಮೆ ಇದ್ರೆ, ವಾದ ಅಲ್ಲಿಗೇ ಮುಗೀತು. ಮೀಟರ್ ಹಿಂದಕ್ಕೆ ಓಡಲ್ಲ.

ಎರಡನೇ ಕೆಲಸ, ಹೊಸ ಕಂಪನಿಯ ಮೊದಲ ರೀಡಿಂಗ್ ನೋಡಿ. ಹಳೆಯವರ ಕೊನೇ ರೀಡಿಂಗ್ ಮತ್ತು ಹೊಸಬರ ಮೊದಲ ರೀಡಿಂಗ್ ಒಂದೇ ಆಗಿರಬೇಕು. ಹಳೆಯವರದ್ದು ಹೊಸಬರದ್ದಕ್ಕಿಂತ ಹೆಚ್ಚಿದ್ರೆ ನಡುವಿನ ಯೂನಿಟ್‌ಗೆ ಇಬ್ಬರೂ ಬಿಲ್ ಮಾಡ್ತಿದ್ದಾರೆ ಅಂತ ಅರ್ಥ. ಎರಡೂ ಒಂದೇ ಇದ್ದು, ಆದ್ರೆ ತಪ್ಪಾಗಿದ್ರೆ, ಹೊಸ ಕಂಪನಿಗೆ ಫೋಟೋ ಸಮೇತ ಹೇಳಿ. ಬದಲಾವಣೆ ದಿನದ ರೀಡಿಂಗ್ ಬಗ್ಗೆ ತಕರಾರು ಬಂದಾಗ ಎರಡೂ ಕಂಪನಿ ಮಾತಾಡಿಕೊಂಡು ಒಂದು ಸಂಖ್ಯೆಗೆ ಒಪ್ಪಬೇಕು.

ಮೂರನೇ ಕೆಲಸ, ಹಳೆಯ ಕಂಪನಿಗೆ ಬರೆಯಿರಿ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ, ಆದ್ರೆ ಇಲ್ಲಿ ಬಾಯಿಗಿಂತ ಬರಹಕ್ಕೆ ಬೆಲೆ ಜಾಸ್ತಿ. ಫೋನಲ್ಲಿ ಮಾತಾಡಿದ್ದು ಗಾಳಿಗೆ ಹೋಗತ್ತೆ. ಫೋನ್ ಮಾಡಿದ್ರೂ ಆಮೇಲೆ ‘ಇವತ್ತು ಇಷ್ಟು ಗಂಟೆಗೆ ಹೀಗೆ ಮಾತಾಯ್ತು’ ಅಂತ ಇಮೇಲ್ ಹಾಕಿ.

ಆ ಇಮೇಲ್‌ನಲ್ಲಿ ಏನಿರಬೇಕು? ಉದ್ದ ಬೇಡ. ಐದು ಸಾಲು ಸಾಕು. ‘ಇದು ಅಧಿಕೃತ ದೂರು’ ಅನ್ನೋ ಮಾತು ಮೊದಲ ಸಾಲಲ್ಲೇ ಇರಲಿ. ಕಂಪ್ಲೇಂಟ್ ಅನ್ನೋ ಪದ ಇಲ್ಲದಿದ್ರೆ ಅವರು ಅದನ್ನ ಬರೀ ವಿಚಾರಣೆ ಅಂತ ಬದಿಗಿಡಬಹುದು. ಆಮೇಲೆ ಖಾತೆ ನಂಬರ್, ಬಿಲ್ ದಿನಾಂಕ, ಮೊತ್ತ. ಆಮೇಲೆ ಮೂರು ಪ್ರಶ್ನೆ: ಶುರು ಮತ್ತು ಕೊನೆಯ ರೀಡಿಂಗ್ ಎಷ್ಟು, ಅವು ನಿಜವಾದವೋ ಅಂದಾಜೋ? ನನ್ನ ಎಲ್ಲ ಟಾಪ್-ಅಪ್‌ಗಳ ಪಟ್ಟಿ ಎಲ್ಲಿ? ಈ ಬಾಕಿ ಯಾವ ದಿನದಿಂದ ಯಾವ ದಿನದವರೆಗಿನದು? ಕೊನೆಗೆ, ‘ದೂರು ಇತ್ಯರ್ಥ ಆಗೋವರೆಗೆ ವಸೂಲಿ ನಿಲ್ಲಿಸಿ’ ಅನ್ನೋ ಮನವಿ. ಫೋಟೋ ಲಗತ್ತಿಸಿ, ಕಳಿಸಿ. ದೂರು ನಂಬರ್ ಕೇಳಿ ಇಸ್ಕೊಳ್ಳಿ.

ಪಟ್ಟಿ ಕೊಡೋಕೆ ಸತಾಯಿಸಿದ್ರೆ ಇನ್ನೊಂದು ಅಸ್ತ್ರ ಇದೆ. ಬ್ರಿಟನ್‌ನ ಡೇಟಾ ರಕ್ಷಣೆ ಕಾನೂನಿನ ಪ್ರಕಾರ ನಿಮ್ಮ ಬಗ್ಗೆ ಅವರ ಹತ್ರ ಇರೋ ಮಾಹಿತಿಯನ್ನ ನೀವು ಕೇಳಬಹುದು. ಇದಕ್ಕೆ ಸಬ್ಜೆಕ್ಟ್ ಆ್ಯಕ್ಸೆಸ್ ರಿಕ್ವೆಸ್ಟ್ ಅಂತಾರೆ. ಸಾಮಾನ್ಯವಾಗಿ ಶುಲ್ಕ ಇಲ್ಲ, ಒಂದು ತಿಂಗಳೊಳಗೆ ಉತ್ತರ ಕೊಡಬೇಕು.

ಈಗ ನಿಯಮಗಳು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗೆ ಎನರ್ಜಿ ನಿಯಂತ್ರಕ ಸಂಸ್ಥೆ ಆಫ್‌ಜೆಮ್. ಉತ್ತರ ಐರ್ಲೆಂಡ್‌ಗೆ ಬೇರೆ ವ್ಯವಸ್ಥೆ ಇದೆ, ಬೆಲ್‌ಫಾಸ್ಟ್‌ನಲ್ಲಿರೋರು ಗಮನಿಸಿ. ಆಫ್‌ಜೆಮ್ ನಿಯಮದಲ್ಲಿ ಮೂರು ಸಂಖ್ಯೆ ನೆನಪಿಟ್ಟುಕೊಳ್ಳಿ: ಆರು, ಹತ್ತು, ಹನ್ನೆರಡು.

ಆರು ಅಂದ್ರೆ ಆರು ವಾರ. ನೀವು ಬದಲಾದ ಆರು ವಾರದೊಳಗೆ ಫೈನಲ್ ಬಿಲ್ ಬರಬೇಕು. ತಡವಾದ್ರೆ ಕಂಪನಿಯೇ ನಿಮಗೆ ಪರಿಹಾರ ಕೊಡಬೇಕು. ಮೊದಲು ಇದು 30 ಪೌಂಡ್ ಇತ್ತು, 2025ರಿಂದ 40 ಪೌಂಡ್.

ಹತ್ತು ಅಂದ್ರೆ ಹತ್ತು ಕೆಲಸದ ದಿನ. ಫೈನಲ್ ಬಿಲ್‌ನಲ್ಲಿ ನಿಮ್ಮ ದುಡ್ಡೇ ಉಳಿದಿದೆ ಅಂತ ಬಂದ್ರೆ, ಹತ್ತು ಕೆಲಸದ ದಿನದೊಳಗೆ ವಾಪಸ್ ಕೊಡಬೇಕು. ಹೌದು, ಫೈನಲ್ ಬಿಲ್ ಅಂದ್ರೆ ಯಾವಾಗಲೂ ಕೊಡೋದೇ ಅಲ್ಲ, ಬರೋದೂ ಇರಬಹುದು!

ಹನ್ನೆರಡು ಅಂದ್ರೆ ಹನ್ನೆರಡು ತಿಂಗಳು. ಕಂಪನಿ ಸರಿಯಾಗಿ ಬಿಲ್ ಮಾಡದೇ ಬಿಟ್ಟಿದ್ದ, ಒಂದು ವರ್ಷಕ್ಕಿಂತ ಹಳೆಯ ಬಳಕೆಗೆ ಈಗ ದುಡ್ಡು ಕೇಳೋ ಹಾಗಿಲ್ಲ. ಇದು 2018ರಿಂದ ಇರೋ ನಿಯಮ, ಹೆಸರು ಬ್ಯಾಕ್-ಬಿಲ್ಲಿಂಗ್ ನಿಯಮ. ಹಿಂದೆಯೇ ಬಿಲ್ ಬಂದು ನೀವು ಕಟ್ಟದೇ ಇದ್ದಿದ್ರೆ ಈ ರಕ್ಷಣೆ ಸಿಗಲ್ಲ. ಮೀಟರ್ ನೋಡೋಕೆ ಬಿಡದೆ ಅಡ್ಡಿ ಮಾಡಿದ್ರೂ ಸಿಗಲ್ಲ. ಉಳಿದಂತೆ, ‘ಎರಡು ವರ್ಷದ ಹಿಂದೆ ನಮ್ಮ ಸಿಸ್ಟಂನಲ್ಲಿ ತಪ್ಪಾಗಿತ್ತು, ಈಗ ಸರಿ ಮಾಡಿದ್ವಿ, ದುಡ್ಡು ಕೊಡಿ’ ಅನ್ನೋ ಮಾತು ನಡೆಯಲ್ಲ.

ದೂರು ಕೊಟ್ರೂ ಕಂಪನಿ ಕೇಳಲಿಲ್ಲ ಅನ್ನಿ. ಎಂಟು ವಾರ ಕಾಯಿರಿ. ಅಥವಾ ಅವರೇ ‘ನಮ್ಮ ಕಡೆಯಿಂದ ಇಷ್ಟೇ’ ಅಂತ ಪತ್ರ ಕೊಟ್ರೆ, ಅದನ್ನ ಡೆಡ್‌ಲಾಕ್ ಲೆಟರ್ ಅಂತಾರೆ, ಎಂಟು ವಾರ ಕಾಯೋದೂ ಬೇಡ. ಸೀದಾ ಎನರ್ಜಿ ಓಂಬುಡ್ಸ್‌ಮನ್ ಹತ್ರ ಹೋಗಿ. ಒಂದು ಪೆನ್ನಿಯೂ ಖರ್ಚಿಲ್ಲ, ವಕೀಲರು ಬೇಡ, ಆನ್‌ಲೈನ್‌ನಲ್ಲೇ ಅರ್ಜಿ. ಡೆಡ್‌ಲಾಕ್ ಲೆಟರ್ ಬಂದ ಹನ್ನೆರಡು ತಿಂಗಳೊಳಗೆ ಹೋಗಬೇಕು ಅನ್ನೋದು ನೆನಪಿರಲಿ. ಅವರು ಎರಡೂ ಕಡೆಯ ಕಾಗದ ನೋಡಿ ತೀರ್ಮಾನ ಕೊಡ್ತಾರೆ. ಆ ತೀರ್ಮಾನವನ್ನ ನೀವು ಒಪ್ಪಿದ್ರೆ ಕಂಪನಿ ಪಾಲಿಸಲೇಬೇಕು. ಒಪ್ಪದಿದ್ರೆ ಕೋರ್ಟಿನ ದಾರಿ ನಿಮಗೆ ತೆರೆದೇ ಇರತ್ತೆ.

ದೂರು ಬರೆಯೋದೇ ಕಷ್ಟ ಅನ್ಸಿದ್ರೆ ಇಂಗ್ಲೆಂಡ್, ವೇಲ್ಸ್‌ನಲ್ಲಿ ಸಿಟಿಜನ್ಸ್ ಅಡ್ವೈಸ್ ಅನ್ನೋ ಸಂಸ್ಥೆ ಉಚಿತವಾಗಿ ಸಲಹೆ ಕೊಡತ್ತೆ. ನಿಮ್ಮ ಯೂನಿವರ್ಸಿಟಿಯ ವಿದ್ಯಾರ್ಥಿ ಸಂಘದಲ್ಲೂ ಸಲಹಾ ವಿಭಾಗ ಇದೆಯಾ ಅಂತ ಕೇಳಿ ನೋಡಿ.

ಈಗ ಭಯದ ವಿಷಯ. ‘ಕಟ್ಟದಿದ್ರೆ ಪೊಲೀಸ್ ಬರ್ತಾರಾ?’ ಇಲ್ಲ. ಇದು ಸಿವಿಲ್ ಸಾಲದ ತಕರಾರು, ಅಪರಾಧ ಅಲ್ಲ. ‘ವಸೂಲಿಯವರು ಮನೆಗೆ ನುಗ್ಗತಾರಾ?’ ವಸೂಲಿ ಏಜೆನ್ಸಿಯವರಿಗೆ ನಿಮ್ಮ ಮನೆಯೊಳಗೆ ಬರೋ ಹಕ್ಕಿಲ್ಲ. ಅವರಿಗೂ ಕೋರ್ಟ್ ಕಳಿಸೋ ಬೇಲಿಫ್‌ಗೂ ವ್ಯತ್ಯಾಸ ಇದೆ. ಬೇಲಿಫ್ ಬರಬೇಕಾದ್ರೆ ಮೊದಲು ಕೋರ್ಟಿನ ತೀರ್ಪು ಆಗಿರಬೇಕು. ಹಾಗಂತ ಕೋರ್ಟಿನಿಂದ ಬಂದ ಪತ್ರವನ್ನ ಮಾತ್ರ ಯಾವತ್ತೂ ತೆರೆಯದೆ ಇಡಬೇಡಿ. ಬಾಕಿ ಡಿಫಾಲ್ಟ್ ಅಂತ ದಾಖಲಾದ್ರೆ ಕ್ರೆಡಿಟ್ ಫೈಲ್‌ನಲ್ಲಿ ಆರು ವರ್ಷ ಕೂತಿರತ್ತೆ. ಮುಂದೆ ಫೋನ್ ಕಾಂಟ್ರ್ಯಾಕ್ಟ್, ಮನೆ ಬಾಡಿಗೆ, ಎಲ್ಲಕ್ಕೂ ಅಡ್ಡ ಬರಬಹುದು. ಅದಕ್ಕೇ ಹೇಳಿದ್ದು, ಹೆದರೋದೂ ಬೇಡ, ನಿರ್ಲಕ್ಷ್ಯವೂ ಬೇಡ ಅಂತ.

ಇನ್ನೊಂದು ಮಾತು. ಲೆಕ್ಕ ಬಂದ ಮೇಲೆ ಅದರಲ್ಲಿ ನ್ಯಾಯವಾದ ಭಾಗ ಇದ್ರೆ ಅದನ್ನ ಕಟ್ಟಿಬಿಡಿ. 140ರಲ್ಲಿ 21 ಪೌಂಡ್ ನಿಜವಾದ ಸ್ಟ್ಯಾಂಡಿಂಗ್ ಚಾರ್ಜ್ ಅಂತ ಗೊತ್ತಾಯ್ತಾ, ‘ಇಷ್ಟು ಒಪ್ತೀನಿ, ಉಳಿದ 119 ಒಪ್ಪಲ್ಲ, ಕಾರಣ ಇದು’ ಅಂತ ಬರೆದು 21 ಕಟ್ಟಿ. ಓಂಬುಡ್ಸ್‌ಮನ್ ಮುಂದೆ ನಿಮ್ಮ ಮಾತಿಗೆ ತೂಕ ಬರತ್ತೆ. ಒಂದೇ ಸಲ ಕಟ್ಟೋಕಾಗದಿದ್ರೆ ಕಂತು ಕೇಳಿ. ನಿಮ್ಮ ಕೈಲಾಗೋ ಕಂತನ್ನ ಪರಿಗಣಿಸೋದು ಅವರ ಕರ್ತವ್ಯ.

ಕಡೆಯದಾಗಿ, ಇನ್ನೂ ಬದಲಾಯಿಸದೇ ಇರೋರಿಗೆ. ಮನೆಗೆ ಕಾಲಿಟ್ಟ ದಿನ ಒಂದು ಫೋಟೋ, ಕಂಪನಿ ಬದಲಾದ ದಿನ ಒಂದು ಫೋಟೋ, ಮನೆ ಬಿಡೋ ದಿನ ಒಂದು ಫೋಟೋ. ಫೋನಿನಲ್ಲಿ ಒಂದು ಆಲ್ಬಂ ಮಾಡಿಡಿ, ಟಾಪ್-ಅಪ್ ರಸೀದಿಗಳೂ ಅದರಲ್ಲೇ ಇರಲಿ. ಅಂಗಡಿ ರಸೀದಿಯ ಶಾಯಿ ಕೆಲವು ತಿಂಗಳಲ್ಲೇ ಮಾಸಿ ಹೋಗತ್ತೆ. ಬದಲಾಗೋ ವಾರದಲ್ಲಿ ಮೀಟರ್‌ಗೆ ಜಾಸ್ತಿ ದುಡ್ಡು ತುಂಬಬೇಡಿ; ಉಳಿದ ಬ್ಯಾಲೆನ್ಸ್ ವಾಪಸ್ ಪಡೆಯೋ ಕೆಲಸ ತಪ್ಪತ್ತೆ. ಎಮರ್ಜೆನ್ಸಿ ಕ್ರೆಡಿಟ್ ತೀರಿಸಿ. ಹೊಸ ಕೀ ಬಂದ ಮೇಲೆ ಹಳೆಯದನ್ನ ಮುಟ್ಟಬೇಡಿ. ತಡವಾದ್ರೆ ಹೊಸ ಕಂಪನಿಗೆ ಫೋನ್ ಮಾಡಿ ಏನು ಮಾಡಬೇಕು ಅಂತ ಕೇಳಿ. ಮನೆಯನ್ನೇ ಬಿಡ್ತಾ ಇದ್ರೆ ಹೊಸ ವಿಳಾಸ ಕೊಟ್ಟು ಹೋಗಿ. ನೀವು ಊರಿಗೆ ವಾಪಸ್ ಬಂದ ಮೇಲೆ ಹಳೇ ಮನೆಯ ಬಾಗಿಲಲ್ಲಿ ಪತ್ರಗಳು ಬಿದ್ದಿರೋದು ಬೇಡ.

ಫೈನಲ್ ಬಿಲ್ ಅಂದ ತಕ್ಷಣ ಅದೇ ಕೊನೇ ಮಾತು ಅಂತ ಅಲ್ಲ. ಅದು ಕಂಪನಿಯವರು ಮಂಡಿಸಿರೋ ಲೆಕ್ಕ. ಎರಡು ರೀಡಿಂಗ್, ಒಂದು ರೇಟು, ಒಂದು ಟಾಪ್-ಅಪ್ ಪಟ್ಟಿ, ಇಷ್ಟೇ ಅದರೊಳಗಿರೋದು. ಅದನ್ನ ಬಿಚ್ಚಿ ತೋರಿಸಿ ಅಂತ ಕೇಳೋದು ನಿಮ್ಮ ಹಕ್ಕು. ನಿಮ್ಮ ಜೊತೆ ಮನೆ ಹಂಚಿಕೊಂಡಿರೋ ಗೆಳೆಯರಿಗೆ ಇದನ್ನ ಫಾರ್ವರ್ಡ್ ಮಾಡಿ. ಹಾಗೇ ಇವತ್ತು ಸಂಜೆ ಮನೆಗೆ ಹೋದಾಗ ಮೀಟರ್‌ನ ಒಂದು ಫೋಟೋ ತೆಗೆದಿಡಿ.